ಪಾದ್ರಿ ಕಳಿಸಿದ ಚೀಟಿ

ಪಾದ್ರಿ ಸ್ಪ್ರಾಟ್ಲಿಯಂಥ ದಡ್ಡ ಇಡೀ ಇಂಗ್ಲೆಂಡಿನಲ್ಲಿ ಇನ್ನೊಬ್ಬ ಸಿಗಲಾರ. ನಾಲ್ಕು ಸಾಲು ಲ್ಯಾಟಿನ್ ಬರುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ನಮ್ಮ ನಿಘಂಟು ಕಚೇರಿಗೆ ಕಾಗದ, ಕಲ್ಲಿದ್ದಲು ಎಲ್ಲ ಅವನ ದಯೆಯಿಂದ ಬರುತ್ತಿತ್ತು. ಜೊತೆಗೆ ಅವನ ತಲೆಹರಟೆಯೂ ಬರುತ್ತಿತ್ತು.

ಆ ಚಳಿಗಾಲ ನಾವು 'ಬಾರ್ಕ್' ಪದಕ್ಕೆ ಬಂದಿದ್ದೆವು. ಮರದ ತೊಗಟೆಯೂ ಬಾರ್ಕ್, ನಾಯಿ ಬೊಗಳುವುದೂ ಬಾರ್ಕ್, ಹಾಯಿ ಹಡಗೂ ಬಾರ್ಕ್. ಚರ್ಮ ಹದ ಮಾಡುವವನ ಮಗಳು, ನಮ್ಮ ಕಚೇರಿಯ ಟ್ಯಾಬಿತಾ ಕ್ರೌಚ್, ಮೂರು ವರ್ಷ ಹಳೆಯ ಪುಸ್ತಕಗಳನ್ನು ಜಾಲಾಡಿ, ಪದ ಬಳಕೆಯಾದ ಪುಸ್ತಕ, ಪುಟ ಗುರುತಿಸಿ ಒಂಬೈನೂರು ಚೀಟಿ ಬರೆದು, ಮೂರಕ್ಕೂ ಸಂಬಂಧವೇ ಇಲ್ಲವೆಂದು ತೋರಿಸಿದ್ದಳು. ತೊಗಟೆ ವೈಕಿಂಗರ ಜೊತೆ ಬಂದದ್ದು, ಬೊಗಳುವುದು ಈ ನೆಲದ್ದೇ, ಹಡಗು ಫ್ರಾನ್ಸಿನಿಂದ ಬಂದದ್ದು. ಅದು ಅಚ್ಚಾದರೆ ಅವಳು ಸಹಾಯಕ ಸಂಪಾದಕಿ. ಇಲ್ಲವಾದರೆ ಮತ್ತೆ ಅಪ್ಪನ ತೊಗಲು ನೆನೆಹಾಕುವ ಗುಂಡಿಯ ನಾತ.

ಅಷ್ಟರಲ್ಲಿ ಪಾದ್ರಿಯ ಚೀಟಿ ಬಂತು. ಹಿಂದೆ ತೊಗಟೆಯಿಂದ ಹಡಗು ಕಟ್ಟುತ್ತಿದ್ದರಂತೆ, ಅದು ದಡಕ್ಕೆ ಬಂದಾಗ ನಾಯಿಗಳು ಬೊಗಳುತ್ತಿದ್ದವಂತೆ, ಮೂರಕ್ಕೂ ಒಂದೇ ಬೇರಂತೆ! ಪುಸ್ತಕದ ಹೆಸರಿಲ್ಲ, ಪುಟವಿಲ್ಲ. ಊರೂರಿನ ಜನ ಕಳಿಸುವ ಅಂಥ ಚೀಟಿಗಳನ್ನು ಒಲೆಗೆ ಹಾಕುವುದೇ ನನ್ನ ಕೆಲಸ. ಶಾಲಾ ಮೇಷ್ಟರದು, ಅಂಗಡಿ ಹುಡುಗಿಯರದು, ಎಷ್ಟು ಸುಟ್ಟಿದ್ದೇನೋ.

"ಇದನ್ನ ಸುಡಬೇಡಪ್ಪ ಲಡ್‌ಲೋ," ಎಂದರು ಸಂಪಾದಕ ಪೆಟಿಫರ್, ನನ್ನ ಮುಖ ನೋಡದೆ. "ಪುಸ್ತಕ, ಪುಟ ಎಲ್ಲ ನೀನೇ ಹುಡುಕಿ ಹಾಕು."

"ಇಲ್ಲದ ಪುಟ ಎಲ್ಲಿಂದ ಹುಡುಕ್ಲಿ ಸಾರ್?"

"ಕಲ್ಲಿದ್ದಲು ಎಲ್ಲಿಂದ ಬರುತ್ತೆ? ಅದು ಗೊತ್ತಲ್ಲ?"

ಥೂ, ಬೆನ್ನುಮೂಳೆ ಇಲ್ಲದ ಮನುಷ್ಯ, ಎಂದುಕೊಂಡೆ. ಇಂಥವರ ಕೈಯಲ್ಲಿ ಒಂದು ಭಾಷೆಯ ಮಾನ!

ಫೆಬ್ರವರಿಯಲ್ಲಿ ಹಾಳೆ ಅಚ್ಚಾಗಿ ಬಂತು. ಮೂರಕ್ಕೂ ಒಂದೇ ಬೇರು, ಪಾದ್ರಿಯ ಕೃಪೆ. ಟ್ಯಾಬಿತಾ ನಿಂತೇ ಓದಿದಳು, ಕೋಟು ಹಾಕಿಕೊಂಡಳು. ಆಮೇಲೆ ಪಾದ್ರಿಯ ಚೀಟಿಯನ್ನು ಕಪಾಟಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಪುಟ ಇನ್ನೂರ ಹನ್ನೆರಡು ಅಂತಿದೆ. ಇಲ್ಲಿ ಬರೆದಿರೋ ಪುಸ್ತಕದಲ್ಲಿ ಇರೋದೇ ನೂರ ತೊಂಬತ್ತು ಪುಟ, ಲಡ್‌ಲೋ ಅವರೇ."

"ಪಾದ್ರಿ ಶತದಡ್ಡ," ಎಂದೆ.

"ಹೂಂ, ದಡ್ಡರೇ. ಆದ್ರೆ ಅವರು ಪುಟ ಬರೆದಿರ್ಲಿಲ್ಲ." ಪುಟಸಂಖ್ಯೆಯಲ್ಲಿ ಬಾಲ ಸುತ್ತಿದ '2' ಅಂಕಿಯ ಮೇಲೆ ಬೆರಳಿಟ್ಟಳು. "ನನ್ನ ಒಂಬೈನೂರು ಚೀಟಿಗೂ ನಂಬರ್ ಹಾಕಿದ್ದು ನೀವೇ ಅಲ್ವಾ? ಎರಡು ಬರೆಯೋ ಈ ರೀತಿ ನಂಗೆ ಚೆನ್ನಾಗಿ ಗೊತ್ತು."

ಬಾಗಿಲು ಮೆತ್ತಗೆ ಎಳೆದುಕೊಂಡು ಹೋದಳು. ಪಾದ್ರಿಯ ಕಲ್ಲಿದ್ದಲು ಒಲೆಯಲ್ಲಿ ಚೆನ್ನಾಗಿ ಉರಿಯುತ್ತಿತ್ತು. ನಾಚಿಕೆಯಿಂದ ಸಾಯುವಂತಾಯಿತು, ಆದರೂ ಕುರ್ಚಿಯನ್ನು ಒಲೆಯ ಹತ್ತಿರಕ್ಕೇ ಎಳೆದುಕೊಂಡೆ.