ಹಿದಾಯಾಳ ಸಾರು

ಬಿ ಶುವೇನಾ ಪಂಗಾನಿಗೆ ಬಂದು ಹಾಡುತ್ತಾಳೆಂದು ರೇಡಿಯೋದಲ್ಲಿ ಕೇಳಿದ ದಿನ, ದಾರ್ ಎಸ್ ಸಲಾಮ್‌ನ ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತು. ನಾನು ಕುಣಿಯುತ್ತಿದ್ದೆ. ಹುಡುಗಿಯಾಗಿದ್ದಾಗಿನಿಂದ ಆ ದನಿ ಕೇಳಿದ್ದೇನೆ, ಮುಖ ಮಾತ್ರ ಕಂಡವಳಲ್ಲ. ಅದೂ ಪಂಗಾನಿಯಲ್ಲಿ! ನಾನು ಹುಟ್ಟಿ ಬೆಳೆದ ಬ್ವೇನಿ ಇರುವುದು ಅಲ್ಲಿಯ ನದಿಯ ಆಚೆ ದಡದಲ್ಲಿ.

ಹೇಗೂ ಹೋಗಲೇಬೇಕಿತ್ತು. ನನ್ನ ಮಗ ಸೆಫುವಿಗೆ ಬ್ವೇನಿಯ ಹಿದಾಯಾಳ ಮಗಳ ಮೇಲೆ ಮನಸ್ಸು. ಹಿದಾಯಾ ನನ್ನ ಬಾಲ್ಯದ ಗೆಳತಿ. ಈದ್‌ನ ಮೂರನೆಯ ದಿನ ಹೆಣ್ಣು ಕೇಳುವುದೆಂದು ಮಾತಾಗಿತ್ತು. ಬಿ ಶುವೇನಾ ಹಾಡುವುದು ಎರಡನೆಯ ದಿನ.

"ದೇವರೇ ದಿನ ಹೊಂದ್ಸಿದಾನೆ ನೋಡಿ," ಎಂದೆ.

"ದೇವರಿಗೆ ಬೇರೆ ಕೆಲಸ ಇಲ್ವಾ?" ಎಂದರು ಗಂಡ.

ಸೆಫು ಮಾತ್ರ ನಗಲಿಲ್ಲ. "ಅಮ್ಮಾ, ಅವಳಮ್ಮನ ಸಿಟ್ಟು ಗೊತ್ತಲ್ಲ. ಮದುವೆ ಮಾತು ಮುಗಿಯೋವರೆಗೂ ಬಾಯಿಗೆ ಬೀಗ ಹಾಕ್ಕೋ."

ಸಿಟ್ಟು ಗೊತ್ತಿಲ್ಲದೆ ಏನು? ಯಾವುದೋ ಮದುವೆಗೆ ತಾನು ಮಾಡಿದ ಪಲಾವಿಗೆ ಉಪ್ಪು ಹೆಚ್ಚಾಯಿತೆಂದು ಅಂದಿದ್ದಕ್ಕೆ ಹಿದಾಯಾ ಸ್ವಂತ ಅಕ್ಕನೊಂದಿಗೆ ಮಾತು ಬಿಟ್ಟವಳು.

ಈದ್‌ನ ಎರಡನೆಯ ದಿನ ಮಧ್ಯಾಹ್ನ ಬ್ವೇನಿಯ ಅವಳ ಮನೆಯಲ್ಲೇ ತೆಂಗಿನ ಹಾಲಿನ ಮೀನುಸಾರು ಉಂಡೆ. ಇಬ್ಬರಿಗೂ ಒಂದೇ ಬಣ್ಣದ ಕಾಂಗಾ, ಸೊಂಟಕ್ಕೊಂದು ತಲೆಗೊಂದು ಬಟ್ಟೆ, ತಂದಿಟ್ಟಿದ್ದಳು. ಅದನ್ನೇ ಉಟ್ಟು ದೋಣಿಯಲ್ಲಿ ನದಿ ದಾಟಿ ಪಂಗಾನಿಯ ಶಾಲೆಯ ಮೈದಾನ ತಲುಪಿದೆವು. ಎಲ್ಲೆಲ್ಲೂ ಹೆಂಗಸರು, ಮಲ್ಲಿಗೆ, ಅತ್ತರು.

ಬಿ ಶುವೇನಾ ಹಾಡುವುದು ತಾರಾಬ್; ನಮ್ಮಲ್ಲಿ ತಾರಾಬ್ ಎಂದರೆ ಸುಮ್ಮನೆ ಕೂತು ಕೇಳುವ ಹಾಡಲ್ಲ. ಯಾವ ಸಾಲಿಗೆ ನೀವು ಎದ್ದು ಹೋಗಿ ಗಾಯಕಿಯ ಕೈಗೆ ನೋಟು ಇಡುತ್ತೀರೋ, ಆ ಸಾಲು ನೀವೇ ಆಡಿದ ಮಾತು. ಯಾರಿಗೆ ಬಿಟ್ಟ ಬಾಣ ಎಂದು ಊರಿಗೆ ಊರೇ ಕತ್ತು ಹೊರಳಿಸುತ್ತದೆ. ಸವತಿಯರು, ನೆರೆಯವರು ಎಷ್ಟೋ ಲೆಕ್ಕಗಳನ್ನು ಹೀಗೇ ತೀರಿಸಿಕೊಂಡಿದ್ದಾರೆ.

ಬಿ ಶುವೇನಾ ಬಂದಳು. ನಾನೆಣಿಸಿದ್ದಕ್ಕಿಂತ ಗಿಡ್ಡ, ದಪ್ಪ, ಮೂಗಿನ ತುದಿಯಲ್ಲಿ ಬೆವರು. ಬಾಯಿ ತೆರೆದಳೋ ಇಲ್ಲವೋ, ನಾನು ಒಟ್ಟಿಗೇ ಅಳುತ್ತಾ ನಗುತ್ತಿದ್ದೆ. ಮೂರನೆಯ ಹಾಡಿಗೆ ಪಿಟೀಲುಗಳು ಏರಿದವು. ಯಾವಾಗ ಎದ್ದೆನೋ ನನಗೇ ತಿಳಿಯದು. ನೋಟನ್ನು ತಲೆಯ ಮೇಲೆ ಬೀಸುತ್ತಾ ಸೊಂಟ ತಿರುಗಿಸಿಕೊಂಡು ಹೋಗಿ ಅವಳ ಕೈಗಿಟ್ಟೆ. ಅವಳು ನನ್ನ ಬೆರಳು ಹಿಡಿದು ಅದುಮಿದಳು! ಸ್ವರ್ಗಕ್ಕೆ ಮೂರೇ ಗೇಣು.

ತಿರುಗಿ ನೋಡಿದರೆ ಇಡೀ ಮೈದಾನದ ಕಣ್ಣು ಹಿದಾಯಾಳ ಮೇಲೆ. ಆಗ ನಾನು ನೋಟಿಟ್ಟ ಸಾಲು ತಡವಾಗಿ ನನ್ನ ಕಿವಿಗಿಳಿಯಿತು: "ನೀರು ಕಾಯಿಸಿ ಸಾರೆಂದು ಬಡಿಸುವ ಗೆಳತೀ, ಹಸಿದು ಬಂದವರ ಹಸಿದೇ ಕಳಿಸುವ ಗೆಳತೀ..."

"ಅಯ್ಯಯ್ಯೋ! ಮಧ್ಯಾಹ್ನ ಅವಳ ಮನೇಲೇ ಉಂಡು ಬಂದವಳಲ್ವೇನೇ ಇವಳು!" ಎಂದಳು ಹಿಂದಿನ ಸಾಲಿನ ಮೀನು ಮಾರುವವಳು, ಖುಷಿಯಿಂದ.

ನಾನು ಓಡಿ ಬಂದು ಕೂತೆ. "ಹಿದಾಯಾ, ನಿನ್ನಾಣೆ, ಸಾಲು ಕೇಳಿಸ್ಕೊಳ್ಳಲೇ ಇಲ್ಲ ಕಣೇ."

"ಆ ಹಾಡು ನಿಂಗೆ ಬಾಯಿಪಾಠ."

"ಬಾಯಿಪಾಠವೇ. ಅವಳ ಮುಖ ನೋಡಿದ್ಮೇಲೆ ಕಿವಿ ಎಲ್ಲಿತ್ತು ನಂಗೆ?"

ಹಿದಾಯಾ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಎದ್ದೇ ಬಿಟ್ಟಳು.

ಮುಂದಿನ ಚರಣ ಯಾವುದೆಂದು ನನಗೆ ಗೊತ್ತಿತ್ತು: "ಮಾರಿಹೋಗದ ಕತ್ತೆಗೆ ಬೆಳ್ಳಿ ಕಡಿವಾಣ, ಮಗನ ಮೆರೆಸುವ ತಾಯಿಗೆ ನಾಚಿಕೆ ಎಲ್ಲಿ?" ಅದಕ್ಕೆ ನೋಟು ಬಿದ್ದರೆ ಸೆಫುವಿನ ಮದುವೆ ಅಲ್ಲಿಗೇ ಮುಗಿಯಿತು. ಕತ್ತೆ ಬಂತು. ಕಡಿವಾಣ ಬಂತು. ಹಿದಾಯಾಳ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಅವಳು ತಲೆಯ ಮೇಲಿನ ಕಾಂಗಾ ಸರಿಪಡಿಸಿಕೊಳ್ಳುತ್ತಿದ್ದಳು. ಚರಣ ದಾಟಿಹೋಯಿತು. ಪಲ್ಲವಿ ಮರಳಿ ಬಂತು: ನೀರು ಕಾಯಿಸಿ ಸಾರೆಂದು... ಹಿದಾಯಾ ಹೋಗಿ ನೋಟು ಕೊಟ್ಟು, ಮೈದಾನದತ್ತ ತಿರುಗಿ, ತನ್ನ ಎದೆಯನ್ನೇ ತಟ್ಟಿಕೊಂಡಳು. "ನಾನೇ! ನಾನೇ ಕಣ್ರೇ ಅದು!"

ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೂಗು ನದಿಯಾಚೆಗೂ ಕೇಳಿರಬೇಕು. ಬಿ ಶುವೇನಾಳಿಗೆ ನಗು ತಡೆಯದೆ ಸಾಲು ಅರ್ಧಕ್ಕೇ ತಪ್ಪಿತು. ನಾನು ನುಗ್ಗಿ ಹೋಗಿ ಹಿದಾಯಾಳ ಸೊಂಟ ಹಿಡಿದೆ; ಒಂದೇ ಬಣ್ಣದ ಕಾಂಗಾದ ಇಬ್ಬರು ಮುದುಕಿಯರು ಮಕ್ಕಳ ಹಾಗೆ ಕುಣಿದೆವು.

"ಉಪ್ಪಿಗೆ ಅಕ್ಕನ್ನ ಬಿಟ್ಟೆ," ಎಂದಳು ಅವಳು ನನ್ನ ಕಿವಿಯಲ್ಲಿ, ಕುಣಿಯುತ್ತಲೇ. "ಮಾತಾಡೋಣ ಅನ್ನೋಷ್ಟ್ರಲ್ಲಿ ಅವಳು ಸತ್ತೇ ಹೋದ್ಲು. ಇನ್ನು ಸಾರಿಗೆ ನಿನ್ನೂ ಬಿಡ್ಲಾ?"

ಮರುದಿನ ಮದುವೆ ಮಾತಿಗೆ ಎರಡೂ ಕಡೆಯ ಹಿರಿಯರು ಕೂತಿದ್ದಾಗ ಹಿದಾಯಾ ದೊಡ್ಡ ಪಾತ್ರೆಯೊಂದನ್ನು ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಹಬೆಯಾಡುವ ಬರೀ ನೀರು, ಮೇಲೊಂದು ನಿಂಬೆಹಣ್ಣು.

"ಮೊದ್ಲು ನೀನು ಕುಡಿ, ಬೀಗಿತ್ತೀ."

ಸೆಫು ನನ್ನನ್ನೇ ನೋಡುತ್ತಿದ್ದ. ನಾನು ಎರಡು ಬಟ್ಟಲು ಕುಡಿದು, ಉಪ್ಪು ಸರಿಯಾಗಿದೆ ಎಂದೆ.