ಕರ್ಪೂರದ ಹಲಗೆ

ಬಟ್ಟೆಯಿಡಲು ಕರ್ಪೂರದ ಮರದ ಪೆಟ್ಟಿಗೆ ಬೇಕೆಂದರೆ ಜನ ಬಡಗಿಯ ಬಳಿಗೇ ಬರುತ್ತಿದ್ದರು. ವರ್ಷವಿಡೀ ಹಸಿರಾಗಿರುವ ಆ ಮರದ ಘಾಟಿಗೆ ಹುಳು ಹತ್ತಿರ ಸುಳಿಯುವುದಿಲ್ಲ. ಉಳಿಯಿಂದ ಒಂದು ಸಿಪ್ಪೆ ಎಬ್ಬಿಸಿ ಮೂಗಿಗೆ ಹಿಡಿದರೆ ಸಾಕು, ಹಲಗೆ ಅಸಲಿಯೋ ನಕಲಿಯೋ ಬಡಗಿ ಹೇಳಿಬಿಡುತ್ತಿದ್ದ. ಎರಡು ವರ್ಷದ ಹಿಂದಿನ ಜ್ವರ ಅವನ ಮೂಗನ್ನು ಸತ್ತಂತೆ ಮಾಡಿತು. ಇಂದು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾದ. ಯಾರೆದುರೂ ಬಾಯಿ ಬಿಡಲಿಲ್ಲ, ಹೆಂಡತಿಯೆದುರೂ. ಹಲಗೆ ಬಂದಾಗೆಲ್ಲ ಮೂಸಿದಂತೆ ಮಾಡಿ ತಲೆಯಾಡಿಸುತ್ತಿದ್ದ.

ಒಂದು ಮಧ್ಯಾಹ್ನ ಟೈಲರಮ್ಮ ಕೈಗಾಡಿಯಲ್ಲಿ ಪೆಟ್ಟಿಗೆ ತಳ್ಳಿಕೊಂಡು ಬಂದಳು. ತೀರಿಕೊಂಡ ಗಂಡನ ಉಣ್ಣೆ ಕೋಟು ಇಡಲೆಂದೇ ಮಾಡಿಸಿಕೊಂಡಿದ್ದಳು. ಕೋಟನ್ನು ಬೆಳಕಿಗೆ ಹಿಡಿದಳು. ಹುಳು ತಿಂದು ಜರಡಿಯಾಗಿತ್ತು.

“ಊರವರ ಬಟ್ಟೆಗೆಲ್ಲ ತೇಪೆ ಹಾಕ್ತೀನಿ ಅಣ್ಣಾ. ಇದಕ್ಕೆ ಎಲ್ಲಿಂದ ಶುರು ಮಾಡ್ಲಿ ಹೇಳಿ? ವಾಸನೆ ಮೊದ್ಲಿಂದಾನೂ ಇರ್ಲಿಲ್ಲ. ನಿಮ್ಮ ಮಾತು ನಂಬಿದೆ.”

ಬಡಗಿ ಮುಚ್ಚಳ ತೆಗೆದು ಬಗ್ಗಿದ. “ಗಮ್ಮಂತಿದೆಯಲ್ಲಮ್ಮಾ?”

ಊಟದ ಡಬ್ಬಿ ತಂದಿದ್ದ ಹೆಂಡತಿ ತಾನೂ ಬಗ್ಗಿದಳು. ನೆಟ್ಟಗಾಗಿ ಗಂಡನ ಮುಖ ನೋಡಿದಳು. “ಏನ್ರೀ ಹೇಳ್ತಿದೀರಾ? ಎಲ್ಲಿದೆ ವಾಸನೆ?”

ಇನ್ನೊಂದು ಸುಳ್ಳು ತುದಿನಾಲಿಗೆಯವರೆಗೆ ಬಂದಿತ್ತು. ಕೋಟಿನ ತೂತಿನಾಚೆ ಟೈಲರಮ್ಮನ ಬೆರಳು ಕಾಣುತ್ತಿತ್ತು.

“ನನ್ನ ಮೂಗು ಹೋಗಿ ಎರಡು ವರ್ಷ ಆಯ್ತು. ತಪ್ಪು ನಂದೇ ಅಮ್ಮಾ.”

ಟೈಲರಮ್ಮ ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಕೋಟು ಮಡಿಸಿಕೊಂಡು, ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಟುಹೋದಳು.

“ಅಡುಗೆ ತಳ ಹಿಡಿದ ದಿನಾನೂ ಘಮಘಮ ಅಂತಿದ್ರಲ್ಲ! ನನ್ನ ಹತ್ರಾನೂ ನಾಟಕಾನಾ?” ಎಂದಳು ಹೆಂಡತಿ.

“ಹೇಳಿದ್ರೆ ಕೆಲಸ ಕೈ ತಪ್ಪುತ್ತೆ ಅಂತ ಹೆದರಿದೆ ಕಣೇ.”

ಅವಳು ಡಬ್ಬಿ ಕೆಳಗಿಟ್ಟಳು. ಗೋಡೆಗೊರಗಿಸಿದ ಹಲಗೆಗಳನ್ನು ಒಂದೊಂದಾಗಿ ಮೂಸಿ, ಬೇರೆ ಬೇರೆ ಪೇರಿಸಿದಳು. ನಕಲಿಯದೇ ದೊಡ್ಡ ರಾಶಿಯಾಯಿತು.

“ಈ ಎರಡು ವರ್ಷದಲ್ಲಿ ಎಷ್ಟು ಪೆಟ್ಟಿಗೆ ಮಾಡಿ ಕೊಟ್ಟಿದೀರಿ?”

“ಹತ್ತೊಂಬತ್ತು.”

“ಏಳಿ, ಚಪ್ಪಲಿ ಹಾಕ್ಕೊಳ್ಳಿ.”

ಅವತ್ತಿನಿಂದ ಮನೆಮನೆ ಹತ್ತಿಳಿದರು. ಬಾಗಿಲು ತಟ್ಟಿ ತಪ್ಪೊಪ್ಪಿಕೊಳ್ಳುವುದು ಅವನ ಪಾಲು, ಮೂಸುವುದು ಅವಳ ಪಾಲು. ಟೈಲರಮ್ಮನದೂ ಸೇರಿ ಹನ್ನೊಂದು ಪೆಟ್ಟಿಗೆ ನಕಲಿ. ಕೆಲವರು ಉಗಿದರು, ಒಬ್ಬರು ನೀರು ಕೊಟ್ಟು ಕೂರಿಸಿದರು.

ಅವಕ್ಕೆಲ್ಲ ಬದಲು ಅಸಲಿ ಹಲಗೆಯಲ್ಲಿ ಹೊಸದು ಮಾಡಿಕೊಡಲು ಕೂತ; ಮೊದಲು ಮಾಡಿದ್ದು ಟೈಲರಮ್ಮನ ಪೆಟ್ಟಿಗೆ. ತಲೆಯ ಮೇಲೆ ಹೊತ್ತು ಅವನೇ ಒಯ್ದ. “ಆ ಮೂಲೇಲಿಡಿ. ಅದರಲ್ಲಿ ಏನಿಡ್ತೀಯಾ ಅಂತ ಮಾತ್ರ ಕೇಳ್ಬೇಡಿ,” ಎಂದಳು. ಅವನು ಮೂಲೆಯಲ್ಲಿಳಿಸಿ ಬಂದ.

ಉಳಿದ ಹತ್ತು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಹಲಗೆಯಿಂದಲೂ ಸಿಪ್ಪೆ ಎಬ್ಬಿಸಿ ಬಡಗಿ ಹೆಂಡತಿಗೆ ಚಾಚುತ್ತಿದ್ದ. ಅವಳು ಮೂಸಿ “ಹೂಂ” ಎನ್ನುತ್ತಿದ್ದಳು, ಇಲ್ಲವೇ “ಊಹೂಂ”. ಆ ನಾಲ್ಕು ತಿಂಗಳೂ ಅವರಿಬ್ಬರ ನಡುವೆ ಅಷ್ಟೇ ಮಾತು.