ಆರು ಪಾಲಿನ ಪುಸ್ತಕ

ನಗ್ಮಾ ಒಂದೊಂದೇ ಪಾರಾ ಎತ್ತಿ, ಓಡನಿಯ ಅಂಚಿನಿಂದ ಧೂಳು ಒರೆಸಿ, ಬಿಳಿ ಚಾದರದ ಮೇಲೆ ಸಾಲಾಗಿ ಇಡುತ್ತಿದ್ದಳು. ಮಸೂತಿಯಿಂದ ಬಂದ ಪೆಟ್ಟಿಗೆಯಲ್ಲಿ ಕುರಾನಿನ ಮೂವತ್ತು ಭಾಗಗಳೂ ಇದ್ದವು. ಒಂದೊಂದಕ್ಕೂ ಬೇರೆ ರಟ್ಟು, ಮೇಲೆ ಬಟ್ಟೆಯ ಹೊದಿಕೆ. ಈ ಕೆಲಸ ಮಾಡೆಂದು ಯಾರೂ ಹೇಳಿರಲಿಲ್ಲ. ಆಕೆಯೂ ಯಾರನ್ನೂ ಕೇಳಿರಲಿಲ್ಲ.

ಒಳಕೋಣೆಯಲ್ಲಿ ಪರದೆಯ ಹಿಂದೆ ಹುಸೇನ್‌ಬೀ ಮಲಗಿದ್ದಳು. ನಸುಕಿನಲ್ಲಿ ನಮಾಜಿಗೆಂದು ಎದ್ದವಳು ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿದ್ದಳು. ನಗ್ಮಾಳ ತಾಯಿಯ ಅಕ್ಕ, ಖಾಲಾ ಆಕೆ. ಅರವತ್ತೊಂದು ವರ್ಷ, ಅದರಲ್ಲಿ ಮೂವತ್ತು ವರ್ಷ ಗಂಡನಿಲ್ಲದೆ, ಮೈದುನನ ಮನೆಯ ಪಡಸಾಲೆಯಲ್ಲಿ ಕೌದಿ ಹೊಲಿದು ಕಳೆದವಳು. ಮಸ್ಕಿಯಲ್ಲಿ ಆಕೆ ಹೊಲಿದ ಕೌದಿ ಹೊದೆಯದ ಮನೆ ಆ ಓಣಿಯಲ್ಲಂತೂ ಇರಲಿಲ್ಲ. ಈಗ ಅಂಗಳದಲ್ಲಿ ಆಕೆಯ ಮೈ ತೊಳೆಯಲು ನೀರು ಕಾಯುತ್ತಿತ್ತು.

ಹೆಂಗಸರು ಬಂದು ಚಾದರದ ಸುತ್ತ ಕೂತು ಒಂದೊಂದು ಪಾರಾ ಎತ್ತಿಕೊಂಡರು.

“ನಿಂದು ಎಷ್ಟನೇದು?”

“ಹನ್ನೊಂದು. ನಿಂದು?”

“ಹತ್ತೊಂಬತ್ತು ಓದಾಕತ್ತೀನಿ. ಅರ್ಧ ಆಗ್ಯಾದ.”

“ಇಷ್ಟು ಲಗೂ? ರೈಲು ಬಿಟ್ಟೀಯೇನು?”

“ವರ್ಷದಾಗ ನಮ್ಮ ಮನ್ಯಾಗ ಮೂರು ಮೈಯತ್ ಆಗ್ಯಾವ. ರೂಢಿ ಬಿದ್ದದ.”

ನೆರೆಮನೆಯ ಪಾರ್ವತೆಮ್ಮ ಬಾಗಿಲ ಹತ್ತಿರ ಗೋಡೆಗೆ ಆತು ಕೂತಿದ್ದಳು. ಹೊರಗಿನಿಂದ ಮೈದುನ ಮೌಲಾಸಾಬನ ಮಾತು ಕೇಳುತ್ತಿತ್ತು. ಬಂದ ಗಂಡಸರಿಗೆಲ್ಲ ಅದನ್ನೇ ಹೇಳುತ್ತಿದ್ದ.

“ಪಾಪದ ಜೀವರೀ ನಮ್ಮ ಭಾಭೀದು. ಒಂದಕ್ಷರ ಬರ್ತಿರಲಿಲ್ಲ. ಸೂಜಿ ಬಿಟ್ರ ಬ್ಯಾರೆ ಗೊತ್ತಿಲ್ಲ. ಹೆಬ್ಬೆಟ್ಟಿನ ಮನಷಾಳು, ಆದ್ರ ಬಂಗಾರದಂಥಾಕಿ.”

ಅವನ ದನಿ ಒಡೆದಿತ್ತು. ಅಳು ಸುಳ್ಳಾಗಿರಲಿಲ್ಲ. ಅದಕ್ಕೇ ನಗ್ಮಾಳ ಮೈ ಇನ್ನಷ್ಟು ಉರಿಯಿತು. ಸುಳ್ಳು ಅಳುವವನನ್ನಾದರೆ ಮನಸ್ಸಿನಲ್ಲೇ ಬೈದು ಕೈಬಿಡಬಹುದು. ಇವನು ನಿಜವಾಗಿಯೂ ಬೇರೆ ಯಾರಿಗೋ ಅಳುತ್ತಿದ್ದ. ಆಕೆ ಸುತ್ತ ನೋಡಿದಳು. ನಿಜ ಗೊತ್ತಿದ್ದ ನಾಲ್ವರು ಅಲ್ಲೇ ಇದ್ದರು. ಒಬ್ಬರಾದರೂ ತಲೆ ಎತ್ತಿಯಾರು ಅಂದುಕೊಂಡಳು. ವಸೀಮಾ ಹಾಳೆ ತಿರುವಿದಳು.

ಹೆಬ್ಬೆಟ್ಟಿನವಳು ಅನ್ನಿಸಿಕೊಂಡೇ ಖಾಲಾ ಈ ಹೊಸ್ತಿಲು ದಾಟಬೇಕೇ?

*

ಒಂಬತ್ತು ವರ್ಷದ ಹಿಂದೆ ನಗ್ಮಾ ಏಳನೆಯ ತರಗತಿಗೆ ಶಾಲೆ ಬಿಟ್ಟು ಕೌದಿಗೆ ಕೂತಾಗ ಹುಸೇನ್‌ಬೀ ಆಕೆಯ ಪಾಟಿಚೀಲವನ್ನು ರದ್ದಿಗೆ ಹಾಕಲು ಬಿಡಲಿಲ್ಲ.

“ನೀ ಬಿಟ್ರ ಬಿಡು. ನನಗ ಹೇಳಿಕೊಡು,” ಅಂದಳು.

ಎರಡು ಮಳೆಗಾಲ ಕಳೆಯುವುದರೊಳಗೆ ಓದು ಕುದುರಿತು. ಒಂದು ದಿನ ಯಾರದೋ ಸಾವಿನ ಮನೆಯಲ್ಲಿ ಪಾರಾ ಓದುವುದನ್ನು ಕೇಳಿ ಬಂದವಳು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು: “ಸತ್ತೋರ ಸಲುವಾಗಿ ಮೂವತ್ತು ಮಂದಿ ಕೂಡಿ ಅಷ್ಟು ದೊಡ್ಡ ಗ್ರಂಥ ತಾಸಿನಾಗ ಮುಗಸ್ತಾರ. ಬದುಕಿದೋರ ಸಲುವಾಗಿ ನಾವು ಒಂದು ಕತಿಪುಸ್ತಕ ಯಾಕ ಮುಗಸಬಾರ್ದು?”

ಟೇಲರ್ ಅಂಗಡಿಗಳ ಚಿಂದಿ ತರಲು ಸಿಂಧನೂರಿಗೆ ಹೋಗುತ್ತಿದ್ದಳು. ಮುಂದಿನ ಸಲ ಚಿಂದಿಯ ಗಂಟಿನೊಳಗೆ ರದ್ದಿ ಅಂಗಡಿಯ ದಪ್ಪ ಕಾದಂಬರಿಯೊಂದು ಬಂತು. ಬ್ಲೇಡಿನಿಂದ ಬೆನ್ನು ಸೀಳಿ ಅದನ್ನು ಆರು ಪಾಲು ಮಾಡಿದಳು. ಕೌದಿಯ ದಾರದಿಂದ ಹೊಲಿದು, ಒಂದೊಂದಕ್ಕೂ ತುಂಡುಬಟ್ಟೆಯ ಹೊದಿಕೆ ಹಾಕಿದಳು. ತಾನು, ನಗ್ಮಾ, ಹೊಲಿಯಲು ಬರುವ ನಾಲ್ವರು ಹೆಂಗಸರು, ಹೀಗೆ ಆರು ಮಂದಿಗೆ ಆರು ಪಾಲು. ಅಲ್ಲಿಂದ ಎಷ್ಟೋ ಪುಸ್ತಕ ಹೀಗೇ ಮುಗಿದವು.

ಮಧ್ಯಾಹ್ನ ಕೌದಿ ಹಾಸಿ ಸುತ್ತ ಕೂತರೆ ಮೊದಲು ಲೆಕ್ಕ ಒಪ್ಪಿಸುವುದು, ಯಾರು ಎಲ್ಲಿಯವರೆಗೆ ಓದಿದರು ಎಂದು. ಎಲ್ಲರೂ ಒಂದೇ ಹೊತ್ತಿಗೆ ಬೇರೆ ಬೇರೆ ಪಾಲು ಓದುತ್ತಿದ್ದುದರಿಂದ ಜಗಳ ತಪ್ಪುತ್ತಿರಲಿಲ್ಲ.

“ನನ್ನ ಪಾಲಿನಾಗ ಆಕಿ ಇನ್ನಾ ಲಂಗ ಉಟ್ಕೊಂಡು ಕುಣ್ಯಾಕತ್ಯಾಳ,” ಅಂದಿದ್ದಳು ವಸೀಮಾ, ಹೋದ ವಾರವಷ್ಟೇ.

“ಕುಣೀಲಿ ಬಿಡು. ನನ್ನ ಪಾಲಿನಾಗ ಆಕಿ ಸತ್ತು ಮೂರು ದಿನ ಆತು,” ಅಂದಳು ಪಾರ್ವತೆಮ್ಮ. ಗೊರೇಬಾಳಕ್ಕೆ ಭತ್ತದ ನಾಟಿಗೆ ಹೋಗುವಾಗಲೂ ಬುತ್ತಿಚೀಲದಲ್ಲಿ ಪಾಲು ಇಟ್ಟುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದುವವಳು ಆಕೆ.

“ಹೇಳಬ್ಯಾಡ ಅಂದಿದ್ದಿಲ್ಲೇನ, ಬಾಯಿಬಡಕಿ?”

“ಸತ್ತದ್ದು ಗೊತ್ತಾದ್ರ ಏನು ಬಂತವಾ? ಯಾಕ ಸತ್ಲು ಅನ್ನೂದು ನನಗೂ ಗೊತ್ತಿಲ್ಲ. ಅದು ಹುಸೇನ್‌ಬೀನ ನಾಕನೇ ಪಾಲಿನಾಗ ಅದ. ಲಗೂ ಓದಬೇ.”

“ಓದ್ತೀನಿ ತಡಿ. ಆಕೀನ ಅಷ್ಟು ಅವಸರದಾಗ ಸಾಯಾಕ ಬಿಡಾಂಗಿಲ್ಲ ನಾ,” ಅಂದಿದ್ದಳು ಹುಸೇನ್‌ಬೀ.

ಮನೆಯಲ್ಲಿ ಎಲ್ಲರೂ ಕೌದಿಗೆ ಹೋಗುತ್ತೇವೆ ಎಂದಷ್ಟೇ ಹೇಳಿ ಬರುತ್ತಿದ್ದರು. ಓದಲಿಕ್ಕೆ ಹೋಗುತ್ತೇವೆ ಅಂದರೆ ಯಾರ ಮನೆಯಲ್ಲಿ ಮಧ್ಯಾಹ್ನ ಬಿಟ್ಟುಕೊಟ್ಟಾರು? ಮೌಲಾಸಾಬನ ಬೈಕಿನ ಸದ್ದು ಓಣಿ ಹೊಕ್ಕರೆ ಸಾಕು, ಆರೂ ಪಾಲು ಕೌದಿಯ ಕೆಳಗೆ ಸೇರುತ್ತಿದ್ದವು.

ಮೂರು ವರ್ಷದ ಹಿಂದೆ ಅವನು ಆಕೆಯನ್ನು ಯಾವುದೋ ಕಾಗದಕ್ಕೆಂದು ಲಿಂಗಸುಗೂರಿಗೆ ಕರೆದುಕೊಂಡು ಹೋಗಿದ್ದ. ನಗ್ಮಾಳೂ ಜೊತೆಗಿದ್ದಳು. ಹುಸೇನ್‌ಬೀ ಪೆನ್ನಿಗೆ ಕೈ ಚಾಚಿದಳು. “ಹೆಬ್ಬೆಟ್ಟು ಒತ್ತು ಭಾಭಿ, ಹೊತ್ತಾಗ್ತದ,” ಎಂದು ಅವನೇ ಆಕೆಯ ಬೆರಳು ಹಿಡಿದು ಒತ್ತಿಸಿದ. ಬಸ್ಸಿನಲ್ಲಿ ಆಕೆ ಮಸಿಯ ಬೆರಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಬಂದಳು.

“ಯಾಕ ಸುಮ್ನಿದ್ದಿ ಖಾಲಾ?”

“ಒಂದು ಸರ್ತಿ ಕೇಳಿದ್ರ ಹೇಳ್ತಿದ್ದೆ,” ಅಂದಳು ಹುಸೇನ್‌ಬೀ. “ಕೇಳಲಿಲ್ಲ ಆತ.”

*

ಮೂವತ್ತೂ ಪಾರಾಗಳು ಕೈ ಸೇರಿದ ಮೇಲೆ ಸಂತೆಕಲ್ಲೂರಿನಿಂದ ಮುದುಕಿ ದಾವಲ್‌ಬೀ ಬಂದಳು. ಚಾದರ ಖಾಲಿ. ಕಣ್ಣು ಮಂಜಾದ ಆಕೆ ಗೋಡೆ ತಡವುತ್ತ ಗೂಡಿಗೆ ಕೈ ಹಾಕಿ, ಬಟ್ಟೆ ಹೊದಿಸಿದ್ದ ಹೊತ್ತಿಗೆಯೊಂದನ್ನು ತೆಗೆದಳು. ಕಣ್ಣಿಗೊತ್ತಿಕೊಂಡು, ಮುತ್ತು ಕೊಟ್ಟು, ವಸೀಮಾಳ ತೊಡೆಯ ಮೇಲಿಟ್ಟಳು.

“ನಿಂದು ಮುಗೀತಲ್ಲ, ಇದನ್ನೂ ಓದವಾ. ನಾ ಕೇಳ್ತೀನಿ.”

ವಸೀಮಾ ತೆರೆದಳು. ತಟ್ಟನೆ ಮುಚ್ಚಿದಳು.

“ನಾನಿ, ಇದು ಅಲ್ಲ.”

“ಅಲ್ಲಂದ್ರ?”

ಯಾರೋ ಕಿಸಕ್ಕೆಂದರು. ಓದು ಮುಗಿಯಿತೇ ಎಂದು ಕೇಳಲು ಬಂದ ಮೌಲಾಸಾಬ್ ಅದನ್ನು ಎತ್ತಿಕೊಂಡು ನೋಡಿದ.

“ಕತಿಪುಸ್ತಕ. ಮೈಯತ್ತಿನ ಮನ್ಯಾಗ. ಯಾರದಿದು?”

“ಯಾ ಅಲ್ಲಾ, ನಾ ಮುತ್ತು ಕೊಟ್ಟೆನಲ್ಲ,” ಅಂದಳು ದಾವಲ್‌ಬೀ.

ನಗ್ಮಾ ವಸೀಮಾಳ ಮುಖವನ್ನೇ ನೋಡುತ್ತಿದ್ದಳು. ವಸೀಮಾ ತನ್ನ ಪಾರಾದ ರಟ್ಟು ಸವರಿದಳು.

“ಹುಡುಗ್ರದ್ದು ಇರಬೇಕ್ರೀ, ಯಾರದೋ.”

“ಹ್ಞೂಂ. ಭಾಭಿಗಂತೂ ಅಕ್ಷರ ಬರ್ತಿರಲಿಲ್ಲ,” ಅಂದ ಮೌಲಾಸಾಬ್. ಅಂಗಳಕ್ಕೆ ನಡೆದವನು ಅದನ್ನು ಹಂಡೆಯ ಕೆಳಗೆ ನೂಕಿದ. ಒಣ ಹಾಳೆ ಭಗ್ಗೆಂದು ಹತ್ತಿಕೊಂಡಿತು. ಕಾದಂಬರಿಯ ಹೆಣ್ಣು ಯಾಕೆ ಸತ್ತಳೆಂಬುದು ಹುಸೇನ್‌ಬೀಯ ಆ ನಾಲ್ಕನೇ ಪಾಲಿನಲ್ಲಿತ್ತು. ಅದೀಗ ಯಾರಿಗೂ ತಿಳಿಯುವಂತಿರಲಿಲ್ಲ.

ಆ ಉರಿಯಲ್ಲಿ ಕಾದ ನೀರನ್ನೇ ನಗ್ಮಾ ಬಕೆಟ್ಟಿನಲ್ಲಿ ಹೊತ್ತು ಒಳಗೆ ಕೊಟ್ಟಳು. ತೊಳೆಯುವವರು ಕೈ ಅದ್ದಿ ನೋಡಿ, “ಹದವಾಗಿ ಕಾದದ,” ಅಂದರು.

ಕಫನಿನ ಬಿಳಿ ಬಟ್ಟೆ ಕಟ್ಟಿ, ಹೊರುವ ಜನಾಜಾದಲ್ಲಿ ಮಲಗಿಸಿದ ಮೇಲೆ ಮೌಲಾಸಾಬ್ ಹೊಸ್ತಿಲಲ್ಲಿ ನಿಂತು ಹೆಂಗಸರ ಕಡೆ ತಿರುಗಿದ. ಸತ್ತವರಿಗಾಗಿ ಕ್ಷಮೆ ಬೇಡಿ, ಒಳ್ಳೆಯವರೆಂಬುದಕ್ಕೆ ಸಾಕ್ಷಿ ಕೇಳುವ, ಮನೆಯ ಹಿರಿಯ ಕೇಳಲೇಬೇಕಾದ ಮಾತು ಅದು.

“ನಮ್ಮ ಭಾಭಿಯಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ. ಆಕಿ ಹೆಂಗಿದ್ಲು, ಗವಾಹಿ ಹೇಳ್ರಿ.”

“ಚಲೋ ಇದ್ಲು.”

“ಯಾರಿಗೂ ಎದುರು ಮಾತಾಡಿದಾಕಿ ಅಲ್ಲ.”

“ಆಕಿ ಹೊಲಿಗಿ ಅಂದ್ರ ಹೊಲಿಗಿ.”

ನಾಲ್ವರು ಗಂಡಸರು ಹೊರಲು ಬಗ್ಗಿದರು. ನಗ್ಮಾ ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದಳು. ತಾನು ಯಾವಾಗ ಎದ್ದೆನೆಂದು ಆಕೆಗೇ ತಿಳಿಯಲಿಲ್ಲ. ಹತ್ತು ಮಂದಿಯ ಮುಂದೆ ಆಕೆ ಎಂದೂ ಬಾಯಿ ತೆರೆದವಳಲ್ಲ.

“ಚಾಚಾ, ಖಾಲಾಗ ಓದಾಕ ಬರ್ತಿತ್ತು. ನೀವು ಒಲಿಗೆ ಹಾಕಿದ್ದು ಆಕೀದು.”

ಮೌಲಾಸಾಬ್ ಆಕೆಯನ್ನು ಕನಿಕರದಿಂದ ನೋಡಿದ.

“ದುಃಖದಾಗ ಹುಡುಗಿ ಏನೇನೋ ಅನ್ನಾಕತ್ಯಾಳ. ಒಂದೀಟು ನೀರು ಕೊಡ್ರಿ ಆಕಿಗೆ.”

ಯಾರೋ ಲೋಟ ಚಾಚಿದರು. ನಗ್ಮಾ ಅದನ್ನು ಮುಟ್ಟಲಿಲ್ಲ. ಹೆಂಗಸರ ಕಡೆ ತಿರುಗಿದಳು. ವಸೀಮಾ ಓದಿ ಮುಗಿಸಿದ್ದ ಪಾರಾವನ್ನು ಮತ್ತೆ ತೆರೆದು ಮುಖ ತಗ್ಗಿಸಿದ್ದಳು. ಉಳಿದವರೂ ತೆರೆದರು. ಪಾರ್ವತೆಮ್ಮನಿಗೆ ತೆರೆಯಲು ಏನೂ ಇರಲಿಲ್ಲ; ತನ್ನ ಬರಿಯ ಅಂಗೈಯನ್ನೇ ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತ ಕೂತಿದ್ದಳು.

“ಆಕಿ ಓದ್ತಿದ್ಲು ಅಂತ,” ಅಂದಳು ನಗ್ಮಾ, “ನಿಮ್ಮಾಗ ಒಬ್ಬರರ ಹೇಳ್ರಿ.”